ಭಾರದ ಮೆಷಿನ್‌ಗೆ ಚಕ್ರ ಹಾಕುವಾಗ: ಸುಂಕದಕಟ್ಟೆಯ ಒಂದು ಮರಗೆಲಸದ ವರ್ಕ್‌ಶಾಪಿನ ಪ್ರಕರಣ

ಎಂಟು ಅಡಿ ಉದ್ದದ ಪ್ಲೈವುಡ್ ಶೀಟನ್ನು ಟೇಬಲ್ ಸಾ (ಮೇಜಿನ ನಡುವೆ ದುಂಡು ಗರಗಸದ ಬ್ಲೇಡ್ ಇರುವ ಮೆಷಿನ್) ಮೇಲೆ ಉದ್ದಕ್ಕೆ ಸೀಳಲು ಬ್ಲೇಡಿನ ಮುಂದೆ ಎಂಟು ಅಡಿ ಬೇಕು, ಹಿಂದೆ ಇನ್ನೊಂದು ಎಂಟು ಅಡಿ ಬೇಕು. ಶೀಟ್ ಹಿಡಿದು ನಿಲ್ಲುವ ಮನುಷ್ಯನಿಗೆ ಎರಡು ಅಡಿ ಸೇರಿಸಿ. ಒಟ್ಟು ಹದಿನೆಂಟು ಅಡಿ. ದೊಡ್ಡ ಫ್ಯಾಕ್ಟರಿಗೂ ಇದೇ ಲೆಕ್ಕ, ಬೆಂಗಳೂರಿನ 20×30 ಸೈಟಿನ ನೆಲಮಹಡಿಗೂ ಇದೇ ಲೆಕ್ಕ.

ಈ ಪ್ರಕರಣದ ವರ್ಕ್‌ಶಾಪ್ ಇರುವುದು ಮಾಗಡಿ ರಸ್ತೆಯ ಸುಂಕದಕಟ್ಟೆ ಕಡೆ, ಅಂಥದೇ ಒಂದು ಸೈಟಿನಲ್ಲಿ. ಮೇಲೆ ಮಾಲೀಕರ ಮನೆ, ಕೆಳಗೆ ಕೆಲಸ. ಗೋಡೆಗಳ ದಪ್ಪ ಕಳೆದರೆ ಒಳಗೆ ಹದಿನೆಂಟೂವರೆ ಅಡಿ ಅಗಲ, ಇಪ್ಪತ್ತೆಂಟೂವರೆ ಅಡಿ ಉದ್ದ. ಒಂದು ಮೂಲೆಯನ್ನು ಮೆಟ್ಟಿಲು ತಿಂದಿದೆ. ಅಗಲಕ್ಕೆ ಶೀಟ್ ಓಡಿಸಲು ಲೆಕ್ಕದಲ್ಲೇನೋ ಜಾಗವಿದೆ. ಆದರೆ ಗೋಡೆ ಪಕ್ಕ ಒಂದು ರ‍್ಯಾಕ್ ನಿಲ್ಲಿಸಿದರೂ ಮುಗೀತು. ಹಾಗಾಗಿ ಟೇಬಲ್ ಸಾ ಉದ್ದದ ಸಾಲಿನಲ್ಲಿ, ನೆಲದ ನಡುಮಧ್ಯೆ ನಿಲ್ಲಬೇಕು. ಅದು ಅಲ್ಲಿ ನಿಂತರೆ ವಾರ್ಡ್‌ರೋಬ್ ಜೋಡಿಸಲು ಜಾಗವಿಲ್ಲ.

ಇಲ್ಲಿ ಮಾಡುವ ಕೆಲಸ ಎರಡು ಥರ. ಒಂದು, ಫ್ಲಾಟ್‌ಗಳ ಕಿಚನ್ ಮತ್ತು ವಾರ್ಡ್‌ರೋಬ್, ಅಂದರೆ ಪ್ಲೈವುಡ್ ಕೆಲಸ. ಇನ್ನೊಂದು, ಬಾಗಿಲು, ಚೌಕಟ್ಟು, ಕಿಟಕಿಯ ಗಟ್ಟಿ ಮರದ ಕೆಲಸ. ಇದಕ್ಕೆ ಮರ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ಬರುತ್ತದೆ. ಮಾಲೀಕರು, ಒಬ್ಬ ಹಿರಿಯ ಮೇಸ್ತ್ರಿ, ಇಬ್ಬರು ಹುಡುಗರು. ಮೆಷಿನ್‌ಗಳು ಇವು: ಹತ್ತು ಇಂಚು ಬ್ಲೇಡಿನ ಮೂರು ಎಚ್‌ಪಿ ಟೇಬಲ್ ಸಾ, ಪಟ್ಟಿಯಂಥ ಬ್ಲೇಡ್ ಎರಡು ಚಕ್ರದ ಮೇಲೆ ಓಡುವ ಹದಿನಾಲ್ಕು ಇಂಚಿನ ಬ್ಯಾಂಡ್ ಸಾ, ಮರದ ಮುಖ ನೇರ ಮಾಡುವ ಉದ್ದ ಬೆಡ್ಡಿನ ಹಳೆಯ ರಂದಾ ಮೆಷಿನ್, ಮರವನ್ನು ಒಂದೇ ದಪ್ಪಕ್ಕೆ ತರುವ ಸಣ್ಣ ಥಿಕ್‌ನೆಸರ್, ಧೂಳು ಎಳೆಯುವ ಡಸ್ಟ್ ಕಲೆಕ್ಟರ್, ಗೋಡೆ ಬದಿಯ ಡ್ರಿಲ್ ಮೆಷಿನ್.

ನಾನು ಮರಗೆಲಸದ ಮೆಷಿನ್‌ಗಳನ್ನು ಕೂರಿಸುವ, ರಿಪೇರಿ ಮಾಡುವ ಕೆಲಸದವನು. ನನ್ನನ್ನು ಕರೆದದ್ದು ಟೇಬಲ್ ಸಾ ಸರಿಯಾಗಿ ಸೀಳುತ್ತಿಲ್ಲ, ಮರದ ಅಂಚು ಸುಟ್ಟು ಕಪ್ಪಾಗುತ್ತಿದೆ ಎಂಬ ದೂರಿಗೆ. ಬ್ಲೇಡಿಗೂ ಫೆನ್ಸಿಗೂ (ಮರವನ್ನು ಒತ್ತಿ ಸಾಗಿಸುವ ಪಕ್ಕದ ನೇರ ಪಟ್ಟಿ) ಇರಬೇಕಾದ ಸಮಾನಾಂತರ ಹೋಗಿತ್ತು. ಯಾಕೆ ಹೋಯಿತು ಅಂತ ಕೇಳಿದಾಗ ನಿಜವಾದ ಕಥೆ ಹೊರಗೆ ಬಂತು.

ಪ್ರತಿ ಆರ್ಡರಿಗೂ ಅವರು ಟೇಬಲ್ ಸಾವನ್ನು ನಡುವಿಗೆ ತರುತ್ತಿದ್ದರು, ಶೀಟ್ ಸೀಳಿ ಮುಗಿದ ಮೇಲೆ ಗೋಡೆಗೆ ತಳ್ಳುತ್ತಿದ್ದರು. ಗಡಾರಿಯಲ್ಲಿ ಒಂದು ಬದಿ ಎತ್ತುವುದು, ಕೆಳಗೆ ಜಿಐ ಪೈಪಿನ ತುಂಡು ತೂರಿಸುವುದು, ಉರುಳಿಸುವುದು. ಕೊನೆಯ ಒಂದೆರಡು ಅಡಿ ಪೈಪ್ ತೆಗೆದು ಎಳೆಯುವುದು. ಎಳೆಯಲು ಕೈಗೆ ಸಿಗುವುದು ಎರಕದ ಟೇಬಲ್ಲಿನ ಅಂಚು. ಹಾಗೆ ಎಳೆದೂ ಎಳೆದೂ ಟೇಬಲ್ಲೇ ಕ್ಯಾಬಿನೆಟ್ಟಿನ ಮೇಲೆ ಜರುಗಿತ್ತು. ಐವತ್ತು ದಾಟಿದ ಮೇಸ್ತ್ರಿ ಗಡಾರಿಗೆ ಭುಜ ಕೊಟ್ಟು 220 ಕೆ.ಜಿ. ಮೆಷಿನ್ ಎತ್ತುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಸೊಂಟ ಹಿಡಿದುಕೊಂಡರೆ ಮನೆಯೇ ನಿಂತುಹೋಗುವ ಕೆಲಸ ಅದು.

ಈ ಕಷ್ಟಕ್ಕೆ ಅವರೇ ಒಂದು ಪರಿಹಾರ ಮಾಡಿಕೊಂಡಿದ್ದರು. ಹತ್ತಿರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಮಾಡಿಸಿ, ಕೆಳಗೆ ಎಲ್ಲ ದಿಕ್ಕಿಗೂ ತಿರುಗುವ ನಾಲ್ಕು ಇಂಚಿನ ವೀಲ್ ನಾಲ್ಕು ಹಾಕಿಸಿದ್ದರು. ನಾಲ್ಕಕ್ಕೂ ಬ್ರೇಕ್ ಇತ್ತು. ಸಾ ಈಗ ಒಂದು ಕೈಯಲ್ಲಿ ಓಡಾಡುತ್ತಿತ್ತು. ಎಲ್ಲರಿಗೂ ಖುಷಿ. ಆದರೆ ಮೊದಲ ದೊಡ್ಡ ಶೀಟ್ ಹಾಕಿದ ದಿನವೇ ಹುಡುಗ ಕೂಗಿದನಂತೆ: "ಅಣ್ಣ, ಶೀಟ್ ಜೊತೆ ಮೆಷಿನ್ನೂ ಹೋಗ್ತಾ ಇದೆ!"

ಇಡೀ ಪ್ರಕರಣದ ತಿರುಳು ಆ ಮಾತಿನಲ್ಲಿದೆ. ಮೊಬೈಲ್ ಬೇಸ್ (ಮೆಷಿನ್ ಅಡಿಗೆ ಹಾಕುವ ಚಕ್ರದ ಚೌಕಟ್ಟು) ಅಂದ ಕೂಡಲೇ ನಾವೆಲ್ಲ ಮೆಷಿನ್ ಎಷ್ಟು ಸುಲಭವಾಗಿ ಉರುಳುತ್ತದೆ ಅಂತ ನೋಡುತ್ತೇವೆ. ಉರುಳುವುದು ದಿನಕ್ಕೆ ಐದು ನಿಮಿಷ. ಉಳಿದಷ್ಟು ಹೊತ್ತು ಅದು ಬೋಲ್ಟ್ ಹಾಕಿ ನೆಲಕ್ಕೆ ಬಿಗಿದ ಹಾಗೆ ನಿಲ್ಲಬೇಕು. ನಿಲ್ಲುವುದನ್ನು ಮೊದಲು ಯೋಚಿಸಿ, ಚಕ್ರವನ್ನು ಆಮೇಲೆ ಯೋಚಿಸಬೇಕು.

ಬ್ರೇಕ್ ಹಾಕಿದ ವೀಲ್ ಯಾಕೆ ಜಾರಿತು?

ಅಂಗಡಿಯಲ್ಲಿ ಸಿಗುವ ಮಾಮೂಲಿ ಬ್ರೇಕ್ ವೀಲ್‌ನಲ್ಲಿ ಬ್ರೇಕ್ ಹಿಡಿಯುವುದು ಚಕ್ರವನ್ನು ಮಾತ್ರ. ಮೇಲಿನ ತಿರುಗುವ ಪ್ಲೇಟ್ ಸ್ವತಂತ್ರವಾಗಿಯೇ ಇರುತ್ತದೆ. ಚಕ್ರದ ಅಚ್ಚು ಪ್ಲೇಟಿನ ನಡುಬಿಂದುವಿನಿಂದ ಸ್ವಲ್ಪ ಪಕ್ಕಕ್ಕೆ ಇರುವುದರಿಂದ, ತಳ್ಳಿದಾಗ ಇಡೀ ಮೆಷಿನ್ ಆ ಬಿಂದುವಿನ ಸುತ್ತ ಒಂದಿಷ್ಟು ಹೊರಳುತ್ತದೆ. ನಾಲ್ಕೂ ಮೂಲೆಯಲ್ಲಿ ಹೀಗಾದರೆ ಸಾ ಸುಮಾರು ಒಂದು ಇಂಚು ಅತ್ತಿತ್ತ ಆಡುತ್ತದೆ. ಚಕ್ರ ಮತ್ತು ಪ್ಲೇಟ್ ಎರಡನ್ನೂ ಒಟ್ಟಿಗೆ ಹಿಡಿಯುವ ಬ್ರೇಕ್ ಬೇರೆಯೇ ಬರುತ್ತದೆ, ಕೇಳಿ ತರಬೇಕು.

ಟೇಬಲ್ ಸಾದಲ್ಲಿ ಒಂದು ಇಂಚು ಆಟ ಸಣ್ಣದಲ್ಲ. ಹತ್ತು ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಸೆಕೆಂಡಿಗೆ 53 ಮೀಟರ್ ಆಗುತ್ತದೆ, ಅಂದರೆ ಗಂಟೆಗೆ 190 ಕಿ.ಮೀ. ಮೀರುತ್ತದೆ. ಅರ್ಧ ಸೀಳಿದ ಶೀಟ್ ಬ್ಲೇಡಿನಲ್ಲಿ ಇರುವಾಗ ಮೆಷಿನ್ ಜರುಗಿದರೆ ಶೀಟ್ ಫೆನ್ಸಿನಿಂದ ಓರೆಯಾಗುತ್ತದೆ. ಬ್ಲೇಡಿನ ಹಿಂಬದಿಯ ಹಲ್ಲು ಅದನ್ನು ಎತ್ತಿ, ತಳ್ಳುತ್ತಿರುವವನ ಕಡೆಗೇ ಎಸೆಯುತ್ತದೆ. ಕಿಕ್‌ಬ್ಯಾಕ್ ಅನ್ನುವುದು ಇದಕ್ಕೇ. ಹೊಟ್ಟೆಗೆ ಬಡಿದರೆ ಆಸ್ಪತ್ರೆ, ಕೈ ಬ್ಲೇಡಿನ ಕಡೆಗೆ ಎಳೆದುಕೊಂಡರೆ ಬೆರಳು.

ಎತ್ತರದ ತೊಂದರೆಯೂ ಇತ್ತು. ನಾಲ್ಕು ಇಂಚಿನ ವೀಲ್ ಪ್ಲೇಟ್ ಸೇರಿ ಹತ್ತಿರ ಹತ್ತಿರ ಐದು ಇಂಚು. ಅದನ್ನು ಮೆಷಿನ್ನಿನ ಅಡಿಯಲ್ಲಿ ಇಟ್ಟಿದ್ದರಿಂದ 34 ಇಂಚಿನ ಟೇಬಲ್ 39 ಇಂಚು ಆಯಿತು. ಸೊಂಟದ ಮಟ್ಟದಲ್ಲಿ ಮೈಭಾರ ಕೊಟ್ಟು ತಳ್ಳಬೇಕಾದ ಶೀಟನ್ನು ಎದೆಮಟ್ಟದಲ್ಲಿ ಕೈಬಲದಿಂದ ತಳ್ಳಬೇಕಾಯಿತು. ಗಿಡ್ಡ ಹುಡುಗನಿಗಂತೂ ಫೆನ್ಸಿನ ಆಚೆ ಏನಾಗುತ್ತಿದೆ ಅಂತ ಕಾಣುತ್ತಲೇ ಇರಲಿಲ್ಲ. ಹಿಂದೆ ಶೀಟ್ ಹೊರುತ್ತಿದ್ದ ಮೇಜು ಐದು ಇಂಚು ತಗ್ಗಿನಲ್ಲಿ ಉಳಿಯಿತು.

ಎಲ್ಲಕ್ಕೂ ಚಕ್ರ ಬೇಕಾ?

ಚೌಕಟ್ಟು ಮತ್ತೆ ಮಾಡುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಶೀಟಿನ ದಾರಿ, ಮರದ ದಾರಿ ಎಲ್ಲ ಎಳೆದು ನೋಡಿದೆವು. ಪ್ರತಿ ಮೆಷಿನ್‌ಗೂ ಕೇಳಿಕೊಂಡ ಪ್ರಶ್ನೆ ಎರಡು. ಇದು ನಿಜಕ್ಕೂ ಜಾಗ ಬದಲಿಸಬೇಕಾ? ಕೆಲಸ ಮಾಡುವಾಗ ಇದನ್ನು ಯಾರು, ಯಾವ ಕಡೆಗೆ ತಳ್ಳುತ್ತಾರೆ?

ರಂದಾ ಮೆಷಿನ್ ಮೊದಲೇ ಪಟ್ಟಿಯಿಂದ ಹೊರಗೆ ಹೋಯಿತು. ಅದರಲ್ಲಿ ಮರ ಹೋಗುವುದು ಉದ್ದಕ್ಕೆ, ಅಗಲಕ್ಕೆ ಜಾಗವೇ ಬೇಡ. ಉದ್ದದ ಗೋಡೆಗೆ ಒತ್ತಿ ನಿಲ್ಲಿಸಿದರೆ ಏಳು ಅಡಿಯ ಬಾಗಿಲಿನ ಪಟ್ಟಿ ಆರಾಮಾಗಿ ಹೋಗುತ್ತದೆ. ಜೊತೆಗೆ, ಉದ್ದ ಬೆಡ್ಡಿನ ಮೆಷಿನ್ನನ್ನು ತೆಳು ಚೌಕಟ್ಟಿನ ಮೇಲೆ ಇಟ್ಟು ಓಡಾಡಿಸಿದರೆ ಮುಂದಿನ ಬೆಡ್ ಮತ್ತು ಹಿಂದಿನ ಬೆಡ್ ಸಮಾನಾಂತರವಾಗಿ ಉಳಿಯುವ ಭರವಸೆ ಇಲ್ಲ. ಸಮಾನಾಂತರ ಕೂದಲೆಳೆಯಷ್ಟು ತಪ್ಪಿದರೂ ಬಾಗಿಲಿನ ಪಟ್ಟಿ ಬಾಗಿ ಬರುತ್ತದೆ. ಮಾಲೀಕರಿಗೆ ಅದಕ್ಕೂ ಚಕ್ರ ಹಾಕಿಸುವ ಆಸೆ ಇತ್ತು. ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಡ್ರಿಲ್ ಮೆಷಿನ್ ಕೂಡ ಗೋಡೆಗೇ ಇರಲಿ ಎಂದಾಯಿತು.

ಥಿಕ್‌ನೆಸರ್ 40 ಕೆ.ಜಿ.ಯದು. ಅದರ ಒಳಗಿನ ರೋಲರ್‌ಗಳೇ ಮರವನ್ನು ಎಳೆದುಕೊಳ್ಳುತ್ತವೆ, ಮನುಷ್ಯ ತಳ್ಳುವುದಿಲ್ಲ. ಹಾಗಾಗಿ ಪೂರ್ತಿ ಲಾಕ್ ಆಗುವ ನಾಲ್ಕು ವೀಲ್‌ಗಳ ಗಟ್ಟಿ ಸ್ಟ್ಯಾಂಡ್ ಸಾಕು. ಉದ್ದ ಮರ ಇದ್ದ ದಿನ ಅದನ್ನು ಶಟರಿನ ಎದುರಿಗೆ ತಿರುಗಿಸಿ, ಮರ ಬಾಗಿಲಿನಿಂದ ಹೊರಗೆ ಬರುವ ಹಾಗೆ ಇಡುತ್ತಾರೆ. ಡಸ್ಟ್ ಕಲೆಕ್ಟರಿಗೆ ಕಂಪನಿಯ ವೀಲ್ ಇದ್ದೇ ಇತ್ತು.

ಉಳಿದದ್ದು ಟೇಬಲ್ ಸಾ ಮತ್ತು ಬ್ಯಾಂಡ್ ಸಾ. ಪೀಣ್ಯದ ದೊಡ್ಡ ಶೆಡ್ಡುಗಳಲ್ಲಿ ಮೆಷಿನ್ ಅಡಿಗೆ ಮರದ ದಿಮ್ಮಿ ಕೊಟ್ಟು, ಕೈಯಲ್ಲಿ ಎಳೆಯುವ ಹ್ಯಾಂಡ್ ಪ್ಯಾಲೆಟ್ ಟ್ರಕ್ಕಿನಲ್ಲಿ ಎತ್ತಿ ಸಾಗಿಸುವುದು ಉಂಟು. ಭಾರದ ಅಡಿಗೆ ತೂರುವ ಅದರ ಎರಡು ಕವಲು, ಅಂದರೆ ಫೋರ್ಕ್, ಇಳಿಸಿದಾಗ ಸಾಮಾನ್ಯವಾಗಿ 85 ಮಿ.ಮೀ. ಎತ್ತರ ಇರುತ್ತದೆ, ಎರಡು ಟನ್‌ಗೂ ಹೆಚ್ಚು ಎತ್ತುತ್ತದೆ. ಒಳ್ಳೆಯ ಸಾಧನ. ಆದರೆ ಅದು ತಿರುಗಲು ಬೇಕಾದ ಜಾಗ ಇಲ್ಲಿಲ್ಲ.

ಟೇಬಲ್ ಸಾದ ಹೊಸ ಬೇಸ್

ಭಾರದ ಲೆಕ್ಕದಿಂದ ಶುರು ಮಾಡಿದೆವು. ಮೆಷಿನ್ 220 ಕೆ.ಜಿ., ಪಕ್ಕದ ಹಲಗೆ ಮತ್ತು ಫೆನ್ಸ್ 30, ಚೌಕಟ್ಟು 15, ಮೇಲೆ ಒಂದು 18 ಎಂಎಂ ಶೀಟ್ 35. ಒಟ್ಟು 300. ಇದನ್ನು ನಾಲ್ಕರಿಂದ ಭಾಗಿಸಿ ವೀಲಿಗೆ 75 ಅನ್ನುವವರೇ ಜಾಸ್ತಿ. ನೆಲ ಎಲ್ಲೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ಯಾವುದೋ ಒಂದು ವೀಲ್ ಗಾಳಿಯಲ್ಲಿ ನಿಂತು ಮೂರೇ ಭಾರ ಹೊರುವ ಗಳಿಗೆ ಬಂದೇ ಬರುತ್ತದೆ. ಅದಕ್ಕೇ ಮೂರರಿಂದ ಭಾಗಿಸಬೇಕು. 100 ಕೆ.ಜಿ. ಬಂತು, 150 ಕೆ.ಜಿ. ತಾಳುವ ವೀಲ್ ತಂದೆವು. ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ಬೇಸ್ ನೋಡುವವರು ಒಂದು ಗಮನಿಸಿ: ಹೊರದೇಶದವುಗಳ ಮೇಲೆ ಭಾರ ಪೌಂಡಿನಲ್ಲಿ ಬರೆದಿರುತ್ತದೆ. 500 ಅಂತ ಇದ್ದರೆ ಅದು 227 ಕೆ.ಜಿ. ಮಾತ್ರ.

ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವೀಲ್‌ಗಳ ಸಾಲೇ ಇದೆ. ನೈಲಾನ್ ಅಗ್ಗ, ಭಾರ ಚೆನ್ನಾಗಿ ತಾಳುತ್ತದೆ, ಆದರೆ ಸಿಮೆಂಟ್ ನೆಲದ ಮೇಲೆ ಗಡಗಡ ಸದ್ದು. ಇಲ್ಲಿ ಮೇಲೆ ಮನೆ ಇದೆ, ಮಾಲೀಕರ ತಾಯಿ ಮಧ್ಯಾಹ್ನ ಮಲಗುತ್ತಾರೆ. ರಬ್ಬರ್ ಮೆತ್ತಗೆ ಓಡುತ್ತದೆ. ಆದರೆ ಭಾರ ಒಂದೇ ಕಡೆ ವಾರಗಟ್ಟಲೆ ಕೂತರೆ ಚಪ್ಪಟೆ ಬೀಳುತ್ತದೆ. ಪಿಯು (ಪಾಲಿಯುರೆಥೇನ್) ವೀಲ್ ಎರಡರ ನಡುವಿನದು, ಒಳಗೆ ಎರಕದ ತಿರುಳು ಇರುವ ಪಿಯು ಆದರೆ ಇನ್ನೂ ಒಳ್ಳೆಯದು. ಅದನ್ನೇ ಆರಿಸಿದೆವು. ಸಣ್ಣ ವೀಲ್ ಬೇಡ ಅಂದೆ. ಎರಡು ಇಂಚಿನ ವೀಲ್‌ಗೆ ಒಂದು ಮರದ ಚಕ್ಕೆ ಸಿಕ್ಕರೂ ತಡೆಗಲ್ಲೇ.

ಚೌಕಟ್ಟಿಗೆ 40×40×5 ಮಿ.ಮೀ. ಎಂಎಸ್ ಆಂಗಲ್, ಅಂದರೆ ಎಲ್ ಆಕಾರದ ಉಕ್ಕಿನ ಪಟ್ಟಿ. ಮೀಟರಿಗೆ ಮೂರು ಕೆ.ಜಿ. ತೂಗುತ್ತದೆ. ಮೆಷಿನ್ನಿನ ಬುಡ ಆಂಗಲ್ಲಿನ ಒಳಗೆ ಕೂರುತ್ತದೆ. ವೀಲ್ ಚೌಕಟ್ಟಿನ ಹೊರಬದಿಗೆ ಬರುತ್ತದೆ. ಹೀಗೆ ಮಾಡಿದ್ದರಿಂದ ಸಾದ ಎತ್ತರ ಏರಿದ್ದು ಒಂದು ಇಂಚಿಗಿಂತ ಕಡಿಮೆ, ಅದೂ ಅಲ್ಲದೆ ಬುಡ ಅಗಲವಾಯಿತು. ವೆಲ್ಡರ್‌ಗೆ ಒಂದೇ ಕೋರಿಕೆ: ಮೊದಲು ನಾಲ್ಕೂ ಮೂಲೆಗೆ ಚುಕ್ಕೆ ವೆಲ್ಡ್, ಕರ್ಣದ ಎರಡೂ ಅಳತೆ ಸರಿ ಇದೆಯಾ ಅಂತ ನೋಡಿ, ಆಮೇಲೆ ಎದುರುಬದುರು ಮೂಲೆಗಳನ್ನು ಬದಲಿಸುತ್ತಾ ಪೂರ್ತಿ ವೆಲ್ಡ್. ಒಂದೇ ಬದಿಯಿಂದ ಬಿಸಿ ಮಾಡುತ್ತಾ ಹೋದರೆ ಚೌಕಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಸೊಟ್ಟ ಚೌಕಟ್ಟಿನ ಮೇಲೆ ಮೆಷಿನ್ ಕುಂಟುತ್ತದೆ.

ಈಗ ನಿಲ್ಲುವ ವಿಷಯ. ಮೋಟಾರಿನ ಭಾರ ಇರುವ ಬದಿಯ ಎರಡು ಮೂಲೆಗೆ ತಿರುಗದ ಫಿಕ್ಸ್ ವೀಲ್. ಎದುರು ಬದಿಯ ನಡುವೆ ಒಂದೇ ಒಂದು ತಿರುಗುವ ವೀಲ್, ಕಾಲಲ್ಲಿ ಒತ್ತುವ ಪೆಡಲಿನ ಜೊತೆ. ಆ ಬದಿಯ ಎರಡು ಮೂಲೆಗೆ ರಬ್ಬರ್ ಪಾದ ಇರುವ ಎಂ16 (16 ಮಿ.ಮೀ. ದಪ್ಪದ) ಬೋಲ್ಟ್. ಪೆಡಲ್ ಒತ್ತಿದರೆ ಆ ಬದಿ ಮೇಲೆದ್ದು ಪಾದಗಳು ನೆಲ ಬಿಡುತ್ತವೆ, ಸಾ ಮೂರು ಚಕ್ರದ ಮೇಲೆ ಓಡುತ್ತದೆ. ಪೆಡಲ್ ಬಿಟ್ಟರೆ ತಿರುಗುವ ವೀಲಿಗೆ ಭಾರವೇ ಇಲ್ಲ. ಸಾ ಎರಡು ಪಾದ, ಎರಡು ಫಿಕ್ಸ್ ವೀಲಿನ ಮೇಲೆ ಕೂರುತ್ತದೆ.

ಫಿಕ್ಸ್ ವೀಲನ್ನು ಯಾವ ದಿಕ್ಕಿಗೆ ಹಾಕಬೇಕು ಅನ್ನುವುದನ್ನು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಬೇಸಿನಲ್ಲಿ ಅತಿ ಮುಖ್ಯ ಇದೇ. ಶೀಟ್ ಹೋಗುವ ದಿಕ್ಕಿಗೇ ವೀಲ್ ಉರುಳುವ ಹಾಗಿದ್ದರೆ, ಶೀಟ್ ತಳ್ಳಿದ ಬಲವೆಲ್ಲ ಮೆಷಿನ್ನನ್ನೂ ಉರುಳಿಸುತ್ತದೆ. ಅಡ್ಡಕ್ಕೆ ಹಾಕಿದರೆ ಆ ಬಲ ವೀಲಿನ ಪಕ್ಕಕ್ಕೆ ಬೀಳುತ್ತದೆ. ಪಕ್ಕಕ್ಕೆ ವೀಲ್ ಉರುಳುವುದಿಲ್ಲ, ನೆಲವನ್ನು ಕಚ್ಚಿ ನಿಲ್ಲುತ್ತದೆ. ಗೋಡೆಯಿಂದ ನಡುವಿಗೆ ಸಾ ಚಲಿಸಬೇಕಾದದ್ದೂ ಅಡ್ಡಕ್ಕೇ ಅಲ್ವಾ. ಎರಡೂ ಕೆಲಸ ಒಂದೇ ಸಲ ಆಯಿತು.

ನೆಲಕ್ಕೆ ಶಟರಿನ ಕಡೆ ಇಳಿಜಾರು ಇದೆ, ಹತ್ತು ಅಡಿಗೆ ಹತ್ತಿರ ಹತ್ತಿರ ಒಂದು ಇಂಚು. ತೊಳೆದ ನೀರು ಹೊರಗೆ ಹೋಗಲಿ ಅಂತ ಕಟ್ಟುವಾಗಲೇ ಕೊಟ್ಟದ್ದು. ಅರ್ಧ ಮೀಟರ್ ಬುಡಕ್ಕೆ ಇದು ನಾಲ್ಕು ಮಿ.ಮೀ. ವ್ಯತ್ಯಾಸ. ಎಂ16 ಬೋಲ್ಟ್ ಒಂದು ಸುತ್ತಿಗೆ ಎರಡು ಮಿ.ಮೀ. ಏರುತ್ತದೆ, ಅಂದರೆ ನಾಲ್ಕು ಮಿ.ಮೀ.ಗೆ ಎರಡು ಸುತ್ತು. ಸಾ ನಿಲ್ಲುವ ಜಾಗ ಎರಡೇ, ನಡುವೆ ಒಂದು, ಗೋಡೆ ಬಳಿ ಒಂದು. ಸೀಳುವ ಕೆಲಸ ನಡೆಯುವುದು ನಡುವೆ ಮಾತ್ರ. ಅಲ್ಲಿ ವೀಲ್ ಮತ್ತು ಪಾದ ಬರುವ ಕಡೆ ಬಣ್ಣದ ಗುರುತು ಹಾಕಿ, ರಸಮಟ್ಟ ಇಟ್ಟು ಪಾದಗಳನ್ನು ಹೊಂದಿಸಿ, ಬೋಲ್ಟ್ ಮತ್ತೆ ತಿರುಗದ ಹಾಗೆ ಚೆಕ್‌ನಟ್ ಬಿಗಿದೆವು. ಗುರುತಿನ ಮೇಲೆ ತಂದು ನಿಲ್ಲಿಸಿದರೆ ಮಟ್ಟ ತಾನೇ ಬರುತ್ತದೆ. ಜೋಡಣೆಯ ಮೇಜನ್ನೇ ಹಿಂದಿನ ಆಸರೆ ಮೇಜಾಗಿ ಮಾಡಿ, ಸಾ ಟೇಬಲ್ಲಿಗಿಂತ ಒಂದಿಷ್ಟೇ ತಗ್ಗಿಸಿದೆವು. ಎತ್ತರಕ್ಕಿದ್ದರೆ ಶೀಟಿನ ಮೂತಿ ಅದಕ್ಕೆ ಗುದ್ದುತ್ತದೆ.

ಬ್ಯಾಂಡ್ ಸಾ ವಾಲುವ ಮೆಷಿನ್

ನಾನು ಹೋಗುವ ಮೊದಲು ಬ್ಯಾಂಡ್ ಸಾ ಒಮ್ಮೆ ವಾಲಿ ಗೋಡೆಗೆ ಒರಗಿತ್ತು. ಗೋಡೆ ಇತ್ತು, ಯಾರಿಗೂ ಏನೂ ಆಗಲಿಲ್ಲ. ಇದು ಅದೃಷ್ಟದ ಮಾತಲ್ಲದೆ ಬೇರೇನೂ ಅಲ್ಲ. ಲೆಕ್ಕ ಹಾಕಿ ನೋಡಿ. ಮೆಷಿನ್ 110 ಕೆ.ಜಿ., ಬುಡದ ಅರ್ಧ ಅಗಲ 20 ಸೆಂ.ಮೀ. ಮೇಲಿನ ಚಕ್ರದ ಕವಚ ಹಿಡಿದು 150 ಸೆಂ.ಮೀ. ಎತ್ತರದಲ್ಲಿ ತಳ್ಳುತ್ತಿದ್ದೀರಿ, ಕೆಳಗೆ ವೀಲಿಗೆ ಚಕ್ಕೆ ಸಿಕ್ಕಿ ನಿಂತಿತು. ಆಗ ಅದನ್ನು ಕೆಡವಲು ಬೇಕಾದ ಬಲ 110×20÷150, ಅಂದರೆ 15 ಕೆ.ಜಿ.ಗೂ ಕಡಿಮೆ. ಒಬ್ಬ ಹುಡುಗ ಒಂದು ಕೈಯಲ್ಲಿ ಹಾಕುವ ಬಲ.

ಇದಕ್ಕೆ ಚೌಕಟ್ಟನ್ನು ಎರಡೂ ಬದಿಗೆ ಚಾಚಿ, ವೀಲ್‌ಗಳನ್ನು ದೂರ ಹಾಕಿದೆವು. ಅರ್ಧ ಅಗಲ 32 ಸೆಂ.ಮೀ. ಆಯಿತು. ತಳ್ಳಲು 60 ಸೆಂ.ಮೀ. ಎತ್ತರದಲ್ಲಿ ಒಂದು ಅಡ್ಡ ಪೈಪಿನ ಹಿಡಿ ವೆಲ್ಡ್ ಮಾಡಿಸಿದೆವು. ಈಗ ಅದೇ ಲೆಕ್ಕ 58 ಕೆ.ಜಿ. ದಾಟುತ್ತದೆ. ಅಷ್ಟು ಬಲ ಹಾಕುವ ಮುನ್ನ ಯಾವನಿಗಾದರೂ ಏನೋ ಅಡ್ಡ ಬಂದಿದೆ ಅಂತ ಗೊತ್ತಾಗುತ್ತದೆ. ಹಿಡಿ ಬಿಟ್ಟು ಬೇರೆಲ್ಲೂ ಕೈ ಹಾಕಬಾರದು ಅಂತ ಮೇಸ್ತ್ರಿ ಕಟ್ಟುನಿಟ್ಟು ಮಾಡಿದ್ದಾರೆ. ಚಾಚಿದ ಕಾಲುಗಳು ನಡೆಯುವವರ ಕಾಲಿಗೆ ತೊಡಕಾಗುತ್ತವೆ, ನಿಜ. ಹಳದಿ ಬಣ್ಣ ಬಳಿದಿದ್ದೇವೆ. ಉರುಳಿ ಬೀಳುವ ಬ್ಯಾಂಡ್ ಸಾಗಿಂತ ಎಡವುವ ಕಾಲು ವಾಸಿ ಅಂತ ನಾನು ಖಂಡಿತ ಹೇಳುತ್ತೇನೆ.

ಕರೆಂಟಿನ ಕಡೆಯಿಂದ ಬಂದ ತೊಂದರೆ

ಮೆಷಿನ್ ಓಡಾಡಿದರೆ ವಯರ್ ಕೂಡ ಓಡಾಡಬೇಕು. ನೆಲದ ಮೇಲೆ ಎಕ್ಸ್‌ಟೆನ್ಷನ್ ಬಿಟ್ಟರೆ ವೀಲ್ ಅದರ ಮೇಲೇ ಹತ್ತುತ್ತದೆ. ಅದಕ್ಕೆ ಸೂರಿನಿಂದ ಇಳಿಬಿಟ್ಟ ಕೇಬಲ್, ತುದಿಗೆ ಇಂಡಸ್ಟ್ರಿಯಲ್ ಸಾಕೆಟ್. ನಡುವಿಗೆ ಒಂದು, ಗೋಡೆಗೆ ಒಂದು. ಸಾಗಿಸುವ ಮುನ್ನ ಪ್ಲಗ್ ಕಳಚಲೇಬೇಕು. ಸ್ವಿಚ್ ಆಫ್ ಇದೆ ಅನ್ನುವುದು ಸಾಲದು.

ಸಾಕೆಟ್ ಎರಡಾದ ಮೇಲೆ ಹೊಸದೊಂದು ಕಾಣಿಸಿತು. ಟೇಬಲ್ ಸಾ ಮೂರು ಫೇಸ್ ಮೋಟಾರಿನದು. ಗೋಡೆಯ ಸಾಕೆಟ್ಟಿನಲ್ಲಿ ಸರಿಯಾಗಿ ತಿರುಗಿದ ಬ್ಲೇಡ್ ನಡುವಿನ ಸಾಕೆಟ್ಟಿನಲ್ಲಿ ಉಲ್ಟಾ ತಿರುಗಿತು. ಎಲೆಕ್ಟ್ರಿಷಿಯನ್ ಎರಡು ಫೇಸ್ ಅದಲುಬದಲು ಮಾಡಿದ್ದ. ಉಲ್ಟಾ ತಿರುಗಿದರೆ ಬ್ಲೇಡ್ ಕತ್ತರಿಸದು, ಬ್ಲೇಡ್ ಹಿಡಿದ ನಟ್ ಸಡಿಲವಾಗುವ ಅಪಾಯವೂ ಇದೆ. ಅದನ್ನು ಹಿಡಿದದ್ದು ಕಿರಿಯ ಹುಡುಗ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಪಡೆದವನು ಅವನು. ಹೊಸ ಸಾಕೆಟ್ಟಿಗೆ ಹಾಕಿದಾಗ ಒಂದು ಕ್ಷಣ ಆನ್ ಮಾಡಿ, ಆಫ್ ಮಾಡಿ, ಬ್ಲೇಡ್ ಯಾವ ಕಡೆ ತಿರುಗುತ್ತದೆ ನೋಡುವ ಅಭ್ಯಾಸ ಅವನಿಗಿತ್ತು. ಮೆಷಿನ್‌ಗೆ ಚಕ್ರ ಹಾಕಿ ಒಂದಕ್ಕಿಂತ ಹೆಚ್ಚು ಸಾಕೆಟ್ ಇಡುವ ಎಲ್ಲರೂ ಎಲ್ಲ ಸಾಕೆಟ್ಟಿನಲ್ಲೂ ಫೇಸಿನ ಕ್ರಮ ಒಂದೇ ಇದೆಯಾ ಅಂತ ಮೊದಲೇ ನೋಡಿಸಿಕೊಳ್ಳಿ. ಅರ್ಥಿಂಗ್ ಕೂಡ.

ಧೂಳಿನ ಪೈಪ್ ನಾಲ್ಕು ಇಂಚಿನದು. ಸುರುಳಿ ಪೈಪ್ ಉದ್ದ ಆದಷ್ಟೂ ಎಳೆಯುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ಪೈಪನ್ನು ಉದ್ದ ಮಾಡಲಿಲ್ಲ, ಕಲೆಕ್ಟರನ್ನೇ ಹತ್ತಿರಕ್ಕೆ ಉರುಳಿಸಿಕೊಳ್ಳುತ್ತಾರೆ.

ಈಗ ಹೇಗಿದೆ?

ಸಾ ನಡುವಿಗೆ ಬರಲು ಒಬ್ಬನೇ ಸಾಕು. ಮೊದಲು ಪೊರಕೆ, ಆಮೇಲೆ ಪೆಡಲ್. ದಾರಿ ಗುಡಿಸದೆ ತಳ್ಳಬಾರದು ಅನ್ನುವುದು ಈಗ ಅಲ್ಲಿನ ನಿಯಮ. ಬ್ಲೇಡ್ ಮತ್ತು ಫೆನ್ಸಿನ ಅಂತರವನ್ನು ಮುಂದೆ, ಹಿಂದೆ ಅಳೆದು ನೋಡುವುದನ್ನು ಸಾಗಿಸಿದಾಗಲೆಲ್ಲ ಮಾಡಿ ಅಂತ ಹೇಳಿದ್ದೇನೆ. ಚೌಕಟ್ಟು ಹಿಡಿದು ಸಾಗಿಸುವುದರಿಂದ ಟೇಬಲ್ ಮತ್ತೆ ಜರುಗಿಲ್ಲ. ಮರದ ಅಂಚು ಸುಡುವುದು ನಿಂತಿದೆ. ನನ್ನನ್ನು ಕರೆದದ್ದೇ ಅದಕ್ಕಲ್ಲವೇ.

ಮಳೆಗಾಲದಲ್ಲಿ ಇನ್ನೊಂದು ಅನುಕೂಲವೂ ಕಂಡಿತು. ಜೋರು ಮಳೆಗೆ ರಸ್ತೆಯ ನೀರು ಶಟರಿನ ಅಡಿಯಿಂದ ಒಳಗೆ ನುಗ್ಗುತ್ತದೆ. ಮೊದಲು ಮೆಷಿನ್ನಿನ ಬುಡ ನೀರಲ್ಲೇ ನಿಲ್ಲುತ್ತಿತ್ತು. ಈಗ ಬ್ಯಾಂಡ್ ಸಾ, ಥಿಕ್‌ನೆಸರ್ ಎರಡನ್ನೂ ಸಂಜೆಯೇ ಒಳಗೆ ಎಳೆದು ಹೋಗುತ್ತಾರೆ. ಎರಕದ ಟೇಬಲ್ಲಿಗೆ ತುಕ್ಕು ಹಿಡಿಯದ ಹಾಗೆ ಮೇಣ ಉಜ್ಜುವುದು ಮಾತ್ರ ತಪ್ಪಿಸುವಂತಿಲ್ಲ.

ಬಗೆಹರಿಯದೆ ಉಳಿದದ್ದು ಶಟರಿನ ಬಾಯಿಯ ಇಳಿಜಾರು. ಅಲ್ಲಿ ನೆಲ ಇನ್ನೂ ಕಡಿದಾಗಿ ರಸ್ತೆಯ ಕಡೆ ಇಳಿಯುತ್ತದೆ. ಥಿಕ್‌ನೆಸರ್ ಶಟರಿನ ಎದುರು ನಿಂತಾಗ ಲಾಕ್ ಬಿಚ್ಚಿದರೆ ತಾನೇ ಹೊರಟುಬಿಡುತ್ತದೆ. ಸದ್ಯಕ್ಕೆ ಎರಡು ಮರದ ಬೆಣೆಗಳನ್ನು ಸ್ಟ್ಯಾಂಡಿಗೇ ಸರಪಳಿಯಲ್ಲಿ ಕಟ್ಟಿದ್ದಾರೆ, ಲಾಕ್ ಬಿಚ್ಚುವ ಮುನ್ನ ವೀಲಿನ ಕೆಳಗೆ ತಳ್ಳಬೇಕು. ಆ ಆರು ಅಡಿ ನೆಲವನ್ನು ಅಗೆದು ಸಮತಟ್ಟು ಮಾಡಿ, ನೀರು ಹೋಗಲು ಶಟರಿನ ಉದ್ದಕ್ಕೂ ಜಾಲರಿ ಮುಚ್ಚಿದ ಕಾಲುವೆ ಮಾಡಿಸಿ ಅಂತ ಹೇಳಿದ್ದೇನೆ. ಮಳೆ ಮುಗಿದ ಮೇಲೆ ಗಾರೆಯವರನ್ನು ಕರೆಸುತ್ತೇನೆ ಎಂದಿದ್ದಾರೆ ಮಾಲೀಕರು.